ಇ. ಕೋಲಿ ಕೈಲಿ ಪ್ಲಾಸ್ಟಿಕ್ ಮಾಡಿಸೋಕೆ ಹೋಗಿ ಕಾರ್ಬನ್ ಲೆಕ್ಕ ಕಲಿತಿದ್ದು

ಮೂರೇ ಮೂರು ಜೀನ್ ಹಾಕಿದ್ರೆ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಮಾಡೋಕೆ ಶುರು ಮಾಡುತ್ತೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ, 1980ರ ದಶಕದ ಕೊನೇಲೇ ಇದನ್ನ ಮಾಡಿ ತೋರಿಸಿಬಿಟ್ಟಿದ್ದಾರೆ. ನಾನು ಪಿಎಚ್‌ಡಿಗೆ ಸೇರಿದಾಗ ಇದೇ ಟಾಪಿಕ್ ಬೇಕು ಅಂತ ಹಟ ಹಿಡಿದು ತಗೊಂಡಿದ್ದೂ ಅದಕ್ಕೇನೇ, ಪೆಟ್ರೋಲಿಯಂ ಮುಟ್ಟದೆ ಸಕ್ಕರೆಯಿಂದ ಪ್ಲಾಸ್ಟಿಕ್, ಅದೂ ಮಣ್ಣಲ್ಲಿ ಹಾಕಿದ್ರೆ ಅಲ್ಲಿರೋ ಸೂಕ್ಷ್ಮಜೀವಿಗಳೇ ತಿಂದು ಮುಗಿಸೋ ಅಂಥದ್ದು, ಇದಕ್ಕಿಂತ ಒಳ್ಳೆ ಕೆಲಸ ಇನ್ನೇನಿದೆ ಅಂತ ಆಗ ಅನ್ನಿಸಿತ್ತು, ಈಗಲೂ ಅನ್ಸುತ್ತೆ. ಆದ್ರೆ ಜೀನ್ ಹಾಕೋದು ಈ ಕೆಲಸದ ತೀರಾ ಚಿಕ್ಕ ಭಾಗ. ಉಳಿದಿದ್ದೆಲ್ಲಾ ನಾವು ಕೊಟ್ಟ ಗ್ಲೂಕೋಸಿನ ಕಾರ್ಬನ್ ಎಲ್ಲೆಲ್ಲಿ ಹೋಗ್ತಿದೆ ಅಂತ ಪತ್ತೆ ಹಚ್ಚಿ, ನಮಗೆ ಬೇಕಾದ ಕಡೆ ತಿರುಗಿಸೋ ಕೆಲಸ. ನಾನು ಬರೆಯೋಕೆ ಹೊರಟಿರೋದೂ ಅದರ ಬಗ್ಗೇನೇ.

ಮೊದಲು ಈ ಪ್ಲಾಸ್ಟಿಕ್ ಏನು ಅಂತ ಹೇಳಿಬಿಡ್ತೀನಿ. ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಲ್ಯಾಬಲ್ಲಿ ಎಲ್ಲರೂ ಪಿಎಚ್‌ಬಿ ಅಂತೀವಿ. ಇದು ಮನುಷ್ಯರು ಹುಡುಕಿ ಮಾಡಿದ್ದಲ್ಲ, ಬ್ಯಾಕ್ಟೀರಿಯಾಗಳು ತಮಗೋಸ್ಕರ ಕೂಡಿಡೋ ಗಂಟು. ಕಾರ್ಬನ್ ಬೇಕಾದಷ್ಟಿದೆ ಆದ್ರೆ ನೈಟ್ರೋಜನ್ನೋ ಫಾಸ್ಫರಸ್ಸೋ ಸಾಲ್ತಿಲ್ಲ ಅಂದಾಗ ಬೆಳೆಯೋಕಾಗಲ್ಲ, ಹಂಗಂತ ಸಿಕ್ಕ ಕಾರ್ಬನ್ ಬಿಡೋಕೂ ಮನಸ್ಸಿಲ್ಲ, ಅದನ್ನ ಚೈನಾಗಿ ಪೋಣಿಸಿ ಸಣ್ಣ ಸಣ್ಣ ಗುಂಡುಗಳ ರೂಪದಲ್ಲಿ ಒಳಗೇ ಇಟ್ಕೊಳ್ಳುತ್ತೆ, ಮುಂದೆ ಉಪವಾಸದ ಕಾಲ ಬಂದಾಗ ಕರಗಿಸ್ಕೊಂಡು ತಿನ್ನುತ್ತೆ. ಫ್ರಾನ್ಸಿನ ಪಾಶ್ಚರ್ ಇನ್‌ಸ್ಟಿಟ್ಯೂಟಲ್ಲಿದ್ದ ಮಾರಿಸ್ ಲೆಮ್ವಾನ್ಯ 1926ರಲ್ಲೇ ಬ್ಯಾಸಿಲಸ್ ಮೆಗಟೇರಿಯಂ ಒಳಗೆ ಇದನ್ನ ಗುರುತಿಸಿದ್ರು. ಇದರಲ್ಲಿ ನಿಜವಾದ ಪೈಲ್ವಾನ್ ಅಂದ್ರೆ ಕ್ಯುಪ್ರಿಯಾವಿಡಸ್ ನೆಕೇಟರ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ, ಹಳೇ ಪೇಪರ್‌ಗಳಲ್ಲಿ ರಾಲ್ಸ್ಟೋನಿಯಾ ಯುಟ್ರೋಫಾ ಅಂತ ಇರುತ್ತೆ, ಎರಡೂ ಒಂದೇ. ಸರಿಯಾಗಿ ನೋಡ್ಕೊಂಡ್ರೆ ಅದರ ಒಣ ತೂಕದ ಸುಮಾರು 80 ಪರ್ಸೆಂಟ್ ವರೆಗೆ ಬರೀ ಪಿಎಚ್‌ಬಿನೇ ಇರಬಹುದು! ಐದರಲ್ಲಿ ನಾಲ್ಕು ಪಾಲು ಪ್ಲಾಸ್ಟಿಕ್, ಒಂದು ಪಾಲು ಜೀವ. ಮೊದಲ ಸಲ ಓದಿದಾಗ ನಂಬೋಕೇ ಆಗಿರ್ಲಿಲ್ಲ.

ಹಾಗಾದ್ರೆ ಅದನ್ನೇ ಬೆಳೆಸಬಹುದಲ್ಲ, ಇ. ಕೋಲಿ ಯಾಕೆ ಅಂತ ಎಲ್ಲರೂ ಕೇಳ್ತಾರೆ. ಬೆಳೆಸ್ತಾರೆ, ಕಂಪನಿಗಳೂ ಬೆಳೆಸಿವೆ. ಆದ್ರೆ ಯಾರೂ ತಿದ್ದದ ಮೂಲ ನೆಕೇಟರ್ ಎಚ್16 ತಳಿಗೆ ಗ್ಲೂಕೋಸ್ ತಿನ್ನೋಕೆ ಬರಲ್ಲ, ಫ್ರಕ್ಟೋಸ್ ಕೊಡ್ಬೇಕು ಇಲ್ಲಾ ಗ್ಲೂಕೋಸ್ ತಿನ್ನೋ ಮ್ಯುಟೆಂಟ್ ಇಟ್ಕೋಬೇಕು, ಜೊತೆಗೆ ಕೂಡಿಟ್ಟಿದ್ದನ್ನ ಕರಗಿಸೋ ಡಿಪಾಲಿಮರೇಸ್ ಎಂಜೈಮೂ ಅದರ ಹತ್ರಾನೇ ಇದೆ. ಇ. ಕೋಲಿಗೆ ಪಿಎಚ್‌ಬಿ ಅಂದ್ರೆ ಏನಂತಾನೇ ಗೊತ್ತಿಲ್ಲ, ಹಾಗಾಗಿ ಮಾಡಿದ್ದನ್ನ ವಾಪಸ್ ತಿನ್ನೋಕೂ ಬರಲ್ಲ, ಬೇಗ ಬೆಳೆಯುತ್ತೆ, ಅದರ ಜೀನೋಮ್ ತಿದ್ದೋಕೆ ಬೇಕಾದ ಸಲಕರಣೆ ಎಲ್ಲಾ ಸಿದ್ಧವಾಗಿದೆ. ನನಗೆ ಬೇಕಾಗಿದ್ದೂ ಅದೇ, ಮೆಟಬಾಲಿಸಂ, ಅಂದ್ರೆ ಕೋಶದ ಒಳಗಿನ ರಾಸಾಯನಿಕ ಕ್ರಿಯೆಗಳ ಜಾಲ, ತಿದ್ದಿ ನೋಡೋದು.

ರಸ್ತೆ ಹೀಗಿದೆ. ಗ್ಲೂಕೋಸ್ ಒಡೆದು ಒಡೆದು ಅಸಿಟೈಲ್-ಕೋಎ ಆಗುತ್ತೆ, ಅಂದ್ರೆ ಕೋಎ ಅನ್ನೋ ಹಿಡಿಕೆಗೆ ಅಂಟಿರೋ ಎರಡು ಕಾರ್ಬನ್ನಿನ ತುಂಡು. ಎರಡು ಅಸಿಟೈಲ್-ಕೋಎನ ಫಾ-ಎ ಜೀನಿನ ಎಂಜೈಮ್ ಒಟ್ಟಿಗೆ ಸೇರಿಸುತ್ತೆ, ಫಾ-ಬಿ ಅದಕ್ಕೆ ಎನ್‌ಎಡಿಪಿಎಚ್ ಅನ್ನೋ ಎಲೆಕ್ಟ್ರಾನ್ ಹೊರೋ ಅಣುವಿನಿಂದ ಎಲೆಕ್ಟ್ರಾನ್ ಕೊಟ್ಟು 3-ಹೈಡ್ರಾಕ್ಸಿಬ್ಯುಟಿರೈಲ್-ಕೋಎ ಮಾಡುತ್ತೆ, ಫಾ-ಸಿ ಅದನ್ನ ಒಂದಕ್ಕೊಂದು ಜೋಡಿಸ್ತಾ ಚೈನ್ ಬೆಳೆಸುತ್ತೆ. ಅಷ್ಟೇ. ನೆಕೇಟರಿನ ಈ ಮೂರು ಜೀನ್ ಒಂದೇ ಕಡೆ ಸಾಲಾಗಿ ಇರೋದ್ರಿಂದ ಇಡೀ ತುಂಡನ್ನ ಪಿಸಿಆರಲ್ಲಿ (ಡಿಎನ್ಎ ನಕಲು ಮಾಡೋ ವಿಧಾನ) ಎತ್ತಿ, ಜೀನ್ ಹೊತ್ತು ಒಯ್ಯೋ ಸಣ್ಣ ಡಿಎನ್ಎ ಬಳೆ ಪ್ಲಾಸ್ಮಿಡ್ಡಿಗೆ ಹಾಕಿದ್ವಿ. ಕ್ಲೋನಿಂಗ್ ಬಗ್ಗೆ ಜಾಸ್ತಿ ಹೇಳೋಕೇನೂ ಇಲ್ಲ, ಸೀಕ್ವೆನ್ಸ್ ಸರಿ ಬಂತು, ಇ. ಕೋಲಿಗೆ ಸೇರಿಸಿದ್ವಿ.

ನೈಲ್ ರೆಡ್ ಅನ್ನೋ ಡೈ ಹಾಕಿದ ಪ್ಲೇಟ್ ಮೇಲೆ ಇವನ್ನ ಬೆಳೆಸಿದ್ರೆ ಪಿಎಚ್‌ಬಿ ಇರೋ ಕಾಲೊನಿಗಳು ಯುವಿ ಬೆಳಕಲ್ಲಿ ಕಿತ್ತಳೆ-ಗುಲಾಬಿ ಬಣ್ಣದಲ್ಲಿ ಹೊಳೀತವೆ. ಖಾಲಿ ಪ್ಲಾಸ್ಮಿಡ್ ಇರೋವು ಪಕ್ಕದಲ್ಲೇ ಮಂಕಾಗಿ ಕೂತಿರ್ತವೆ. ಈ ಪ್ಲೇಟ್ ನೋಡಿದ ದಿನ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಲ್ಯಾಬಲ್ಲಿ ಇದ್ದಬದ್ದವರನ್ನೆಲ್ಲಾ ಕರೆದು ತೋರಿಸಿದೆ. ಗ್ಲೂಕೋಸ್ ಜಾಸ್ತಿ ಹಾಕಿ ಫ್ಲಾಸ್ಕಲ್ಲಿ ಬೆಳೆಸಿ ಸೆಂಟ್ರಿಫ್ಯೂಜ್ ಮಾಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ತಳದಲ್ಲಿ ಕೂರೋ ಮಾಮೂಲಿ ಇ. ಕೋಲಿ ಮುದ್ದೆ (ಪೆಲೆಟ್) ಮಾಸಲು ಕಂದು ಬಣ್ಣ ಇರುತ್ತೆ, ಇದು ಅಚ್ಚ ಬಿಳಿ. ಮೈಕ್ರೋಸ್ಕೋಪಲ್ಲಿ ಫೇಸ್ ಕಾಂಟ್ರಾಸ್ಟ್ ಹಾಕಿ ನೋಡಿದ್ರೆ ಕೋಶ ಊದ್ಕೊಂಡು ಒಳಗೆ ಹೊಳೆಯೋ ಚುಕ್ಕೆಗಳು ಒತ್ತೊತ್ತಾಗಿ ತುಂಬ್ಕೊಂಡಿರ್ತವೆ.

ನನ್ನ ಗೈಡ್ ಮೇಡಂ ಪ್ಲೇಟ್ ನೋಡಿ ಖುಷಿ ಪಟ್ರು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ನೂರು ಗ್ರಾಂ ಗ್ಲೂಕೋಸ್ ಕೊಟ್ರೆ ಎಷ್ಟು ಗ್ರಾಂ ಪಿಎಚ್‌ಬಿ ಬರುತ್ತೆ? ಉಳಿದ ಕಾರ್ಬನ್ ಎಲ್ಲಿಗೆ ಹೋಯ್ತು? ಅದನ್ನ ಹೇಳು, ಆಮೇಲೆ ಮುಂದಿನದು ಮಾತಾಡೋಣ." ನಾನು, "ಮೇಡಂ, ಇನ್ನೂ ಅಳೆದಿಲ್ಲ" ಅಂದೆ. ಅಲ್ಲಿಂದ ಶುರುವಾಯ್ತು ನೋಡಿ ನಿಜವಾದ ಕೆಲಸ.

ಕಾಗದದ ಮೇಲಿನ ಲೆಕ್ಕ ಸುಲಭ. ಒಂದು ಗ್ಲೂಕೋಸ್, ಅಣುತೂಕ 180, ಎರಡು ಕಾರ್ಬನ್ ಕಾರ್ಬನ್ ಡೈಆಕ್ಸೈಡ್ ಆಗಿ ಹೋಗಿ ಎರಡು ಅಸಿಟೈಲ್-ಕೋಎ ಕೊಡುತ್ತೆ, ಅದರಿಂದ ಚೈನಿನ ಒಂದು ಕೊಂಡಿ, ಅದರ ತೂಕ 86. ಅಂದ್ರೆ ಎಲ್ಲಾ ದೇವರ ದಯೆಯಿಂದ ಸರಿಯಾಗಿ ನಡೆದ್ರೂ ಗ್ರಾಂ ಗ್ಲೂಕೋಸಿಗೆ 0.48 ಗ್ರಾಂ ಪಿಎಚ್‌ಬಿ, ಅದಕ್ಕಿಂತ ಒಂದು ಚೂರೂ ಜಾಸ್ತಿ ಈ ರಸ್ತೇಲಿ ಬರೋಕೆ ಸಾಧ್ಯ ಇಲ್ಲ. ಅದರಲ್ಲೂ ಕೋಶ ತನ್ನ ಮೈ ಬೆಳೆಸ್ಕೋಬೇಕು, ಶಕ್ತಿಗೆ ಸುಡ್ಬೇಕು. ಈ ಕ್ಷೇತ್ರಕ್ಕೆ ಬರೋ ಎಷ್ಟೋ ಜನ ಈ 0.48 ಅನ್ನೋ ಸಂಖ್ಯೆ ನೋಡಿರೋದೇ ಇಲ್ಲ, ಆದ್ರೆ ಕಚ್ಚಾ ಸಕ್ಕರೆ ಖರ್ಚೇ ಈ ಪ್ಲಾಸ್ಟಿಕ್ಕಿನ ಖರ್ಚಿನಲ್ಲಿ ದೊಡ್ಡ ಪಾಲು ಆಗಿರೋವಾಗ ಎಲ್ಲಾ ನಿಂತಿರೋದು ಇದರ ಮೇಲೇನೇ.

ಅಳೆಯೋ ಕೆಲಸ ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ನನ್ನ ದಿನಗಳು ಜಾಸ್ತಿ ಕಳೆದಿದ್ದು ಇಲ್ಲೇ. ಪೆಲೆಟ್ಟನ್ನ ತೊಳೆದು, ಫ್ರೀಜ್ ಡ್ರೈ ಮಾಡಿ, ಆ ಪುಡೀನ ಕೆಲವೇ ಮಿಲಿಗ್ರಾಂ ತೂಗಿ ಗಾಜಿನ ಸ್ಕ್ರೂ ಕ್ಯಾಪ್ ಟ್ಯೂಬಿಗೆ ಹಾಕ್ಬೇಕು, ಅದಕ್ಕೆ ಕ್ಲೋರೋಫಾರಂ, ಸಲ್ಫ್ಯೂರಿಕ್ ಆಸಿಡ್ ಬೆರೆಸಿದ ಮೆಥನಾಲ್, ಲೆಕ್ಕಕ್ಕೆ ಆಧಾರವಾಗಿ ಬೆಂಜೋಯಿಕ್ ಆಸಿಡ್, ಮುಚ್ಚಳ ಬಿಗಿಮಾಡಿ 100 ಡಿಗ್ರೀಲಿ ಎರಡು ಗಂಟೆಗಿಂತ ಮೇಲೆ ಬೇಯಿಸ್ಬೇಕು. ಚೈನ್ ಕೊಂಡಿ ಕೊಂಡಿಯಾಗಿ ಬಿಚ್ಕೊಂಡು ಮೀಥೈಲ್ ಎಸ್ಟರ್ ಆಗುತ್ತೆ. ಮುಚ್ಚಳ ಒಂದು ಚೂರು ಸಡಿಲ ಇದ್ರೂ ಕ್ಲೋರೋಫಾರಂ ಹಾರಿಹೋಗುತ್ತೆ, ಆ ಟ್ಯೂಬ್ ಎಸೀಬೇಕು. ಹೀಗಾಗಿ ಬೇಯಿಸೋ ಮೊದಲು ಪ್ರತಿ ಟ್ಯೂಬಲ್ಲೂ ದ್ರವ ಎಲ್ಲಿವರೆಗಿದೆ ಅಂತ ಮಾರ್ಕರಲ್ಲಿ ಗೆರೆ ಹಾಕಿಡೋದು ನಮ್ಮಲ್ಲಿ ರೂಢಿ, ಬೆಂದು ತಣ್ಣಗಾದ ಮೇಲೆ ಗೆರೆಗಿಂತ ಕೆಳಗಿಳಿದಿದ್ರೆ ಮುಂದೆ ತಗೊಂಡೇ ಹೋಗಲ್ಲ. ಆಮೇಲೆ ನೀರು ಹಾಕಿ ಜೋರಾಗಿ ಅಲ್ಲಾಡಿಸಿ ನಿಲ್ಲಿಸಿದ್ರೆ ಎರಡು ಪದರ ಆಗುತ್ತೆ, ಭಾರವಾದ ಕ್ಲೋರೋಫಾರಂ ಕೆಳಗೆ, ಮೇಲೆ ಆಸಿಡ್ ನೀರು, ಮಧ್ಯೆ ಕೋಶದ ಕಸ ತೆಳ್ಳಗೆ ಕೂತಿರುತ್ತೆ. ಗಾಜಿನ ಪಿಪೆಟ್ಟನ್ನ ಆ ಕಸ ದಾಟಿಸಿ ಕೆಳಗಿನ ಪದರ ಮಾತ್ರ ಎಳೆದು, ಪದಾರ್ಥಗಳನ್ನ ಬೇರ್ಪಡಿಸಿ ಅಳೆಯೋ ಜಿಸಿ (ಗ್ಯಾಸ್ ಕ್ರೊಮಟೋಗ್ರಫಿ) ಮಷೀನಿಗೆ ಕೊಡೋದು. ಸ್ಕ್ರೀನ್ ಮೇಲೆ ಎರಡು ಮುಖ್ಯ ಪೀಕ್ ಏಳುತ್ತೆ, ಒಂದು ನಾವು ಹಾಕಿದ ಬೆಂಜೋಯಿಕ್ ಆಸಿಡ್ಡಿಂದು, ಇನ್ನೊಂದು ಪಿಎಚ್‌ಬಿಯಿಂದ ಬಂದಿದ್ದು. ಇದೆಲ್ಲಾ ಫ್ಯೂಮ್ ಹುಡ್ ಒಳಗೇ ಮಾಡ್ಬೇಕು, ಇದರಲ್ಲಿ ರಾಜಿ ಇಲ್ಲ.

ಹೊಳೆಯೋ ಕಾಲೊನಿಗೂ ಜಿಸಿ ಹೇಳಿದ ಸಂಖ್ಯೆಗೂ ತಾಳಮೇಳಾನೇ ಇರ್ಲಿಲ್ಲ. ಒಣ ತೂಕದ ಕಾಲು ಭಾಗಾನೂ ಇರ್ಲಿಲ್ಲ ಪಿಎಚ್‌ಬಿ. ನೈಲ್ ರೆಡ್ ಹೇಳೋದು ಇದೆಯೋ ಇಲ್ವೋ ಅನ್ನೋದನ್ನ ಮಾತ್ರ, ಎಷ್ಟಿದೆ ಅಂತ ನಂಬೋ ಹಾಗೆ ಹೇಳಲ್ಲ. ಕೋಶಗಳು ಬೆಳೆದ ದ್ರವ, ಅಂದ್ರೆ ಮೀಡಿಯಾನ, ದ್ರವದಲ್ಲಿ ಏನೇನಿದೆ ಅಂತ ಅಳೆಯೋ ಎಚ್‌ಪಿಎಲ್‌ಸಿ ಮಷೀನಿಗೆ ಹಾಕಿ ನೋಡಿದಾಗ ಕಳ್ಳ ಸಿಕ್ಕಿಬಿದ್ದ: ಅಸಿಟೇಟ್. ಪಿಎಚ್‌ಬಿ ಆಗಬೇಕಾಗಿದ್ದ ಅಸಿಟೈಲ್-ಕೋಎಯ ದೊಡ್ಡ ಪಾಲು ಅಸಿಟೇಟ್ ಆಗಿ ಹೊರಗೆ ಸುರಿದಿತ್ತು. ಇ. ಕೋಲಿಯ ಹುಟ್ಟುಗುಣ ಇದು, ಆಮ್ಲಜನಕ ಇದ್ರೂ ಗ್ಲೂಕೋಸ್ ಧಾರಾಳವಾಗಿ ಸಿಕ್ಕಿದ್ರೆ ಅವಸರವಾಗಿ ತಿಂದು ಮಿಕ್ಕಿದ್ದನ್ನ ಅಸಿಟೇಟ್ ಮಾಡಿ ಉಗುಳುತ್ತೆ, ಆ ದಾರೀಲಿ ಅದಕ್ಕೆ ಸ್ವಲ್ಪ ಎಟಿಪಿನೂ (ಕೋಶದ ಶಕ್ತಿಯ ನಾಣ್ಯ) ಸಿಗುತ್ತೆ. ಅಸಿಟೇಟ್ ಜಾಸ್ತಿ ಆದ್ರೆ ಬೆಳವಣಿಗೇನೂ ನಿಧಾನ ಆಗುತ್ತೆ, ಕಾರ್ಬನ್ನೂ ಹೋಯ್ತು, ಬೆಳವಣಿಗೇನೂ ಹೋಯ್ತು.

ಸರಿ, ಆ ಬಾಗಿಲು ಮುಚ್ಚೋಣ ಅಂತ, ಅಸಿಟೈಲ್-ಕೋಎನ ಅಸಿಟೇಟ್ ಕಡೆ ಕಳಿಸೋ ಪಿಟಿಎ ಅನ್ನೋ ಜೀನ್ ತೆಗೆದ್ವಿ. 2006ರಲ್ಲಿ ಪ್ರಕಟವಾದ ಕೀಯೋ ಕಲೆಕ್ಷನ್ ಅಂತ ಇದೆ, ಇ. ಕೋಲಿಯ ಸುಮಾರು ನಾಲ್ಕು ಸಾವಿರ ಜೀನ್‌ಗಳನ್ನ ಒಂದೊಂದಾಗಿ ತೆಗೆದ ತಳಿಗಳ ಸೆಟ್, ಅದರಿಂದ ಪಿ1 ಫೇಜ್ ಅನ್ನೋ ಬ್ಯಾಕ್ಟೀರಿಯಾದ ವೈರಸ್ ಬಳಸಿ ನಮ್ಮ ತಳಿಗೆ ಆ ತೆಗೆದ ಜಾಗಾನ ವರ್ಗಾಯಿಸ್ಕೊಂಡ್ವಿ. ಈ ಥರದ ಸಂಪತ್ತನ್ನ ಯಾರೋ ಕೂತು ಕಟ್ಟಿ ಎಲ್ಲರಿಗೂ ಸಿಗೋ ಹಾಗೆ ಮಾಡಿದ್ದಾರಲ್ಲ, ಅವರಿಗೆ ಎಷ್ಟು ಕೈ ಮುಗಿದ್ರೂ ಸಾಲದು. ಅಸಿಟೇಟ್ ಇಳೀತು. ಆದ್ರೆ ಪಿಎಚ್‌ಬಿ ನಾನು ಅಂದ್ಕೊಂಡಷ್ಟು ಏರ್ಲಿಲ್ಲ, ಬದಲಿಗೆ ಎಚ್‌ಪಿಎಲ್‌ಸಿಯಲ್ಲಿ ಪೈರುವೇಟೂ ಲ್ಯಾಕ್ಟೇಟೂ ತಲೆ ಎತ್ತಿದ್ವು! ಒಂದು ಬಾಗಿಲು ಮುಚ್ಚಿದ್ರೆ ಹಿಂದಿನ ಕೋಣೇಲಿ ಒತ್ತಡ ಏರಿ ಇನ್ನೊಂದು ಬಾಗಿಲು ತೆಗ್ಕೊಳ್ಳುತ್ತೆ. ಲ್ಯಾಕ್ಟೇಟ್ ಮಾಡೋ ಎಲ್‌ಡಿಎಚ್‌ಎ ತೆಗೆದ್ವಿ. ಪೈರುವೇಟಿಂದ ನೇರವಾಗಿ ಅಸಿಟೇಟ್ ಮಾಡೋ ಪಾಕ್ಸ್‌ಬಿ ಅಂತ ಇನ್ನೊಂದಿದೆ, ಬೆಳವಣಿಗೆ ನಿಂತ ಮೇಲೆ ಅದರ ಆಟ ಶುರು, ಅದನ್ನೂ ತೆಗೆದ್ವಿ. ಹೀಗೆ ಒಂದೊಂದೇ ತೆಗೀತಾ ಹೋದ್ರೆ ಕೋಶ ಸೊರಗುತ್ತೆ, ಬೆಳೆಯೋದು ನಿಧಾನ ಆಗುತ್ತೆ, ಹಾಗಾಗಿ ಎಲ್ಲಿ ನಿಲ್ಲಿಸ್ಬೇಕು ಅನ್ನೋದೇ ದೊಡ್ಡ ತೀರ್ಮಾನ. ಎಷ್ಟೋ ಪೇಪರ್‌ಗಳಲ್ಲಿ ತೆಗೆದ ಜೀನ್‌ಗಳ ಪಟ್ಟಿ ಉದ್ದ ಇದ್ದಷ್ಟೂ ಕೆಲಸ ದೊಡ್ಡದು ಅನ್ನೋ ಧೋರಣೆ ಇರುತ್ತೆ, ನನಗೆ ಅದು ಒಪ್ಪಿಗೆ ಇಲ್ಲ.

ಇನ್ನೊಂದು ಗಂಟು ಎನ್‌ಎಡಿಪಿಎಚ್‌ದು. ಫಾ-ಬಿ ಪ್ರತಿ ಕೊಂಡಿಗೂ ಒಂದು ಎನ್‌ಎಡಿಪಿಎಚ್ ಕೇಳುತ್ತೆ. ಗ್ಲೂಕೋಸ್ ಮಾಮೂಲಿ ಗ್ಲೈಕಾಲಿಸಿಸ್ ದಾರೀಲಿ ಹೋದ್ರೆ ಸಿಗೋದು ಎನ್‌ಎಡಿಎಚ್, ಅದು ಬೇರೆ ಚಲಾವಣೆ, ಫಾ-ಬಿ ಅದನ್ನ ಮುಟ್ಟಲ್ಲ. ಎನ್‌ಎಡಿಪಿಎಚ್ ಬೇಕು ಅಂದ್ರೆ ಗ್ಲೂಕೋಸಿನ ಒಂದಷ್ಟನ್ನ ಪೆಂಟೋಸ್ ಫಾಸ್ಫೇಟ್ ದಾರಿಗೆ ತಿರುಗಿಸ್ಬೇಕು, ಅಲ್ಲಿ ಕಾರ್ಬನ್ ಸ್ವಲ್ಪ ಸುಂಕ ಕಟ್ಬೇಕು. ಇಲ್ಲಾ ಅಂದ್ರೆ ಪಿಎನ್‌ಟಿಎಬಿ ಅನ್ನೋ ಟ್ರಾನ್ಸ್‌ಹೈಡ್ರೋಜನೇಸ್ ಜಾಸ್ತಿ ಮಾಡಿ ಒಂದನ್ನ ಇನ್ನೊಂದಕ್ಕೆ ಬದಲಾಯಿಸ್ಬೇಕು. ಎರಡೂ ಮಾಡಿ ನೋಡಿದ್ವಿ, ನಮ್ಮ ತಳಿಗೆ ಪಿಎನ್‌ಟಿಎಬಿ ಚೆನ್ನಾಗಿ ಹೊಂದಿತು. ಎನ್‌ಎಡಿಎಚ್‌ನೇ ನೇರವಾಗಿ ಬಳಸೋ ರಿಡಕ್ಟೇಸ್‌ಗಳು ಬೇರೆ ಬ್ಯಾಕ್ಟೀರಿಯಾಗಳಲ್ಲಿ ಇವೆ, ಆ ದಾರಿ ನನಗೆ ತುಂಬಾ ಬುದ್ಧಿವಂತಿಕೆಯದ್ದು ಅನ್ಸುತ್ತೆ, ಯಾಕಂದ್ರೆ ಗಾಳಿ ಕಮ್ಮಿ ಇದ್ದಾಗ ರಾಶಿ ಬೀಳೋ ಎನ್‌ಎಡಿಎಚ್‌ಗೂ ಒಂದು ಗತಿ ಕಾಣಿಸಿದ ಹಾಗಾಗುತ್ತೆ.

ಇಲ್ಲಿ ನೆಕೇಟರ್ ಹೆಂಗೆ ಮಾಡುತ್ತೆ ಅಂತ ಹೇಳಲೇಬೇಕು, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಅದರ ಫಾ-ಎ ಎಂಜೈಮನ್ನ ಬಿಡಿ ಕೋಎ ತಡೆದು ನಿಲ್ಲಿಸುತ್ತೆ. ಕೋಶ ಚೆನ್ನಾಗಿ ಬೆಳೀತಿರೋವಾಗ ಅಸಿಟೈಲ್-ಕೋಎ ಶಕ್ತಿಗಾಗಿ ಸುಡೋ ಸಿಟ್ರಿಕ್ ಆಸಿಡ್ ಚಕ್ರಕ್ಕೆ ಹೋಗ್ತಾ ಬಿಡಿ ಕೋಎ ಜಾಸ್ತಿ ಇರುತ್ತೆ, ಹಾಗಾಗಿ ಪಿಎಚ್‌ಬಿ ಬಂದ್. ನೈಟ್ರೋಜನ್ ಮುಗಿದು ಬೆಳವಣಿಗೆ ನಿಂತಾಗ ಎನ್‌ಎಡಿಎಚ್ ಏರಿ ಆ ಚಕ್ರದ ಬಾಯಲ್ಲಿರೋ ಸಿಟ್ರೇಟ್ ಸಿಂಥೇಸನ್ನ ತಡೆಯುತ್ತೆ, ಅಸಿಟೈಲ್-ಕೋಎ ರಾಶಿ ಬೀಳುತ್ತೆ, ಬಿಡಿ ಕೋಎ ಇಳಿಯುತ್ತೆ, ಫಾ-ಎ ಮೇಲಿನ ತಡೆ ತಾನಾಗೇ ಬಿಟ್ಟುಹೋಗುತ್ತೆ. ಹೊರಗಿಂದ ಯಾರೂ ಸ್ವಿಚ್ ಒತ್ತಬೇಕಿಲ್ಲ! ನಾವು ಐಪಿಟಿಜಿ ಅನ್ನೋ ರಾಸಾಯನಿಕ ಹಾಕಿ ಪ್ರಮೋಟರ್ (ಜೀನಿನ ಸ್ವಿಚ್) ಆನ್ ಮಾಡೋದು ಇದರ ಮುಂದೆ ಒರಟು ಕೆಲಸ.

ಐಪಿಟಿಜಿ ಅಂದಾಗ ನೆನಪಾಯ್ತು, ಪ್ಲಾಸ್ಮಿಡ್ ವಿಷಯ. ಫ್ಲಾಸ್ಕಲ್ಲಿ ಚೆನ್ನಾಗಿ ಬಂದ ಸಂಖ್ಯೆ ಕೋಶ ಬೆಳೆಸೋ ದೊಡ್ಡ ಟ್ಯಾಂಕಿಗೆ (ಫರ್ಮೆಂಟರ್) ಹೋದಾಗ ಬರ್ಲಿಲ್ಲ. ಮೊದಲರ್ಧ ಪಿಎಚ್‌ಬಿ ಏರ್ತಿತ್ತು, ಆಮೇಲೆ ಒಡಿ (ಕೋಶ ಎಷ್ಟು ದಟ್ಟ ಇದೆ ಅನ್ನೋ ಅಳತೆ) ಮಾತ್ರ ಏರ್ತಾ ಹೋಯ್ತು, ಪಿಎಚ್‌ಬಿ ಪರ್ಸೆಂಟೇಜ್ ಇಳೀತಾ ಬಂತು. ಕೊನೇ ಸ್ಯಾಂಪಲನ್ನ ಡೈಲ್ಯೂಟ್ ಮಾಡಿ ಆಂಟಿಬಯೋಟಿಕ್ ಇರೋ ಪ್ಲೇಟಿಗೂ ಇಲ್ಲದ ಪ್ಲೇಟಿಗೂ ಹಚ್ಚಿದಾಗ ಗೊತ್ತಾಯ್ತು, ಆಂಟಿಬಯೋಟಿಕ್ ಇಲ್ಲದ ಪ್ಲೇಟ್ ತುಂಬಾ ಕಾಲೊನಿ, ಇರೋದರಲ್ಲಿ ಅಲ್ಲೊಂದು ಇಲ್ಲೊಂದು. ಪ್ಲಾಸ್ಮಿಡ್ ಕಳ್ಕೊಂಡ ಕೋಶಗಳು ಮೇಲುಗೈ ಸಾಧಿಸಿದ್ವು. ನ್ಯಾಯವಾಗಿ ಯೋಚಿಸಿದ್ರೆ ಅವುಗಳದ್ದೇನು ತಪ್ಪು, ಹೊಟ್ಟೆ ತುಂಬಾ ಪ್ಲಾಸ್ಟಿಕ್ ಹೊತ್ಕೊಂಡಿರೋ ಕೋಶಕ್ಕಿಂತ ಹೊರೆ ಇಳಿಸಿದ ಕೋಶ ಬೇಗ ಇಬ್ಭಾಗ ಆಗುತ್ತೆ, ಇಷ್ಟೇ. ಆಂಪಿಸಿಲಿನ್ ಹಾಕಿದ್ವಲ್ಲ ಅಂದ್ರೆ, ಅದನ್ನ ತಡ್ಕೊಳ್ಳೋ ಎಂಜೈಮ್ ಆಂಪಿಸಿಲಿನ್ನನ್ನೇ ಕತ್ತರಿಸಿ ಹಾಕುತ್ತೆ, ಕೋಶಗಳು ದಟ್ಟವಾಗಿ ಬೆಳೆದ ಟ್ಯಾಂಕಲ್ಲಿ ಅದು ಸ್ವಲ್ಪ ಹೊತ್ತಿಗೇ ಮಾಯ. ಬಿಡಿ, ಟನ್ನುಗಟ್ಟಲೆ ಮಾಡೋ ಪ್ಲಾಸ್ಟಿಕ್ಕಿಗೆ ಆಂಟಿಬಯೋಟಿಕ್ ಸುರಿಯೋದು ಖರ್ಚಿನ ದೃಷ್ಟಿಯಿಂದಲೂ ಪರಿಸರದ ದೃಷ್ಟಿಯಿಂದಲೂ ತಪ್ಪೇ. ಕೊನೆಗೆ ಮೂರೂ ಜೀನನ್ನ ಕ್ರೋಮೋಸೋಮಿಗೇ ಸೇರಿಸಿ, ಐಪಿಟಿಜಿ ಬೇಡದ ಪ್ರಮೋಟರ್ ಇಟ್ವಿ. ಒಂದೇ ಕಾಪಿ ಇರೋದ್ರಿಂದ ಎಂಜೈಮ್ ಕಮ್ಮಿ ಆಯ್ತು, ಅದಕ್ಕೆ ಬಲವಾದ ಪ್ರಮೋಟರ್‌ಗಳನ್ನ ಒಂದೊಂದಾಗಿ ಹಾಕಿ ನೋಡ್ಬೇಕಾಯ್ತು, ತುಂಬಾ ತಿಂಗಳು ಹಿಡೀತು, ಆದ್ರೆ ಆಮೇಲೆ ಟ್ಯಾಂಕಿನ ಆರಂಭಕ್ಕೂ ಅಂತ್ಯಕ್ಕೂ ತಳಿ ಒಂದೇ ಥರ ಇತ್ತು.

ಫರ್ಮೆಂಟರ್ ರನ್ ಅಂದ್ರೆ ರಾತ್ರಿ ಇಡೀ ಎದ್ದಿರೋದು. ಗ್ಲೂಕೋಸ್ ಒಟ್ಟಿಗೆ ಸುರಿದ್ರೆ ಅಸಿಟೇಟ್, ಹಾಗಾಗಿ ಪಂಪಲ್ಲಿ ಹನಿ ಹನಿಯಾಗಿ ಫೀಡ್. ಗ್ಲೂಕೋಸ್ ಮುಗಿದ ಗಳಿಗೇಲಿ ಕೋಶಗಳು ಉಸಿರಾಡೋದು ಕಮ್ಮಿ ಮಾಡ್ತವೆ, ಕರಗಿದ ಆಮ್ಲಜನಕದ ಗೆರೆ ಸ್ಕ್ರೀನ್ ಮೇಲೆ ಥಟ್ಟಂತ ಮೇಲೇಳುತ್ತೆ, ಫೀಡ್ ಶುರು ಮಾಡಿದ ತಕ್ಷಣ ಮತ್ತೆ ಕುಸಿಯುತ್ತೆ. ಆ ಗೆರೆ ನೋಡ್ತಾ ನೋಡ್ತಾ ಒಳಗೆ ಏನಾಗ್ತಿದೆ ಅಂತ ಓದೋಕೆ ಬರುತ್ತೆ. ಪಿಎಚ್ ಇಳಿದ್ರೆ ಅಮೋನಿಯಾ ದ್ರಾವಣ ತಾನಾಗೇ ಹೋಗುತ್ತೆ, ಅದೇ ನೈಟ್ರೋಜನ್ನೂ ಆಗುತ್ತೆ. ಕೋಶ ದಟ್ಟ ಆದಂಗೆಲ್ಲಾ ಆಮ್ಲಜನಕ ಸಾಲಲ್ಲ, ಸ್ಟಿರರ್ ಪೂರ್ತಿ ಸ್ಪೀಡಿಗೆ ಹೋಗುತ್ತೆ, ನೊರೆ ಏಳುತ್ತೆ, ಬಿಸಿ ಏರಿ ಕೂಲಿಂಗ್ ವಾಟರ್ ನಿಲ್ಲದೆ ಹರಿಯುತ್ತೆ.

ತೆಗೆಯೋ ಹಂತಕ್ಕೆ ಬಂದ್ರೆ, ಒಣಗಿದ ಕೋಶಗಳನ್ನ ಬಿಸಿ ಕ್ಲೋರೋಫಾರಂನಲ್ಲಿ ಇಟ್ಟು, ಸೋಸಿ, ತಣ್ಣನೆ ಮೆಥನಾಲಿಗೆ ಹನಿಸಿದ್ರೆ ಬಿಳಿ ಎಳೆ ಎಳೆಯಾಗಿ ಪಿಎಚ್‌ಬಿ ಬೇರೆ ಆಗುತ್ತೆ. ಆ ಎಳೆಗಳು ಮೆಥನಾಲ್ ಒಳಗೆ ಸುತ್ತಿ ಸುತ್ತಿ ಮುದ್ದೆ ಆಗೋದನ್ನ ಎಷ್ಟು ಸಲ ನೋಡಿದ್ರೂ ನನಗೆ ಬೇಜಾರಾಗಲ್ಲ. ಇದು ಲ್ಯಾಬಿಗೆ ಸರಿ, ಹಸಿರು ಪ್ಲಾಸ್ಟಿಕ್ ಅಂತ ಹೇಳಿ ಕ್ಲೋರೋಫಾರಂ ಲೀಟರ್‌ಗಟ್ಟಲೆ ಬಳಸೋದು ಕಾರ್ಖಾನೆ ಮಟ್ಟದಲ್ಲಿ ಒಪ್ಪೋ ಮಾತಲ್ಲ. ಹೈಪೋಕ್ಲೋರೈಟಲ್ಲಿ ಕೋಶ ಕರಗಿಸಿ ಗುಂಡುಗಳನ್ನ ಉಳಿಸ್ಕೋಬಹುದು, ಆದ್ರೆ ಅದು ಚೈನನ್ನೂ ಅಲ್ಲಲ್ಲಿ ಕತ್ತರಿಸುತ್ತೆ.

ಮತ್ತೆ ಕ್ಲೋರೋಫಾರಂನಲ್ಲಿ ಕರಗಿಸಿ ಗಾಜಿನ ತಟ್ಟೇಲಿ ಹರಡಿ ಮೊದಲ ಫಿಲಂ ಮಾಡಿದಾಗ ನಿಧಾನಕ್ಕೆ ಬಗ್ಗಿಸಬಹುದಿತ್ತು. ಹಾಗೇ ಇಟ್ಟು ಕೆಲವು ದಿನ ಬಿಟ್ಟು ಬಗ್ಗಿಸಿದ್ರೆ ಒಣಗಿದ ಎಲೆ ಥರ ಪಟ್ ಅಂತ ಮುರೀತು. ಕೋಶದ ಒಳಗಿರೋವಾಗ ಪಿಎಚ್‌ಬಿ ಅಣುಗಳು ಅಸ್ತವ್ಯಸ್ತವಾಗಿ ಮೆತ್ತಗಿರ್ತವೆ, ಹೊರಗೆ ತೆಗೆದ ಮೇಲೆ ಸಾಲಾಗಿ ಜೋಡಿಸ್ಕೊಂಡು ಹರಳು ಕಟ್ತಾ ಹೋಗ್ತವೆ, ಅದೂ ರೂಮಿನ ಉಷ್ಣತೇಲೇ, ದಿನೇ ದಿನೇ. ಸುಮಾರು 5 ಪರ್ಸೆಂಟ್ ಎಳೆದ್ರೇ ಮುರಿಯುತ್ತೆ, ಪಾಲಿಪ್ರೊಪಿಲೀನ್ 400 ಪರ್ಸೆಂಟ್ ಹಿಗ್ಗುತ್ತೆ. ಕರಗೋದು 175ರಿಂದ 180 ಡಿಗ್ರೀಲಿ, ಅದಕ್ಕಿಂತ ಸ್ವಲ್ಪ ಮೇಲೆ ಹೋದ್ರೆ ಚೈನೇ ಒಡೆಯೋಕೆ ಶುರು, ಅಚ್ಚಲ್ಲಿ ಎರಕ ಹೊಯ್ಯೋರಿಗೆ ಆಟ ಆಡೋಕೆ ಜಾಗಾನೇ ಇಲ್ಲ.

ಇದಕ್ಕೆ ಉಪಾಯ ಹಳೇದೇ, ಚೈನಿನ ಮಧ್ಯೆ ಮಧ್ಯೆ ಒಂದು ಕಾರ್ಬನ್ ಜಾಸ್ತಿ ಇರೋ ಕೊಂಡಿ, 3-ಹೈಡ್ರಾಕ್ಸಿವ್ಯಾಲರೇಟ್, ಸೇರಿಸೋದು. ಅದು ಸಾಲಿನ ಅಚ್ಚುಕಟ್ಟನ್ನ ಕೆಡಿಸುತ್ತೆ, ಹರಳು ಕಟ್ಟೋದು ಕಮ್ಮಿ ಆಗುತ್ತೆ. ಬ್ರಿಟನ್ನಿನ ಐಸಿಐ ಕಂಪನಿ ಬಯೋಪಾಲ್ ಅಂತ ಮಾರಿದ್ದು ಇದನ್ನೇ, 1990ರಲ್ಲಿ ಜರ್ಮನೀಲಿ ವೆಲ್ಲಾ ಶಾಂಪೂ ಬಾಟಲಿ ಇದರಲ್ಲೇ ಬಂತು. ನೂರಕ್ಕೆ 20 ಕೊಂಡಿ ವ್ಯಾಲರೇಟ್ ಆದ್ರೆ ಕರಗೋ ಉಷ್ಣತೆ ಸುಮಾರು 145ಕ್ಕೆ ಇಳಿಯುತ್ತೆ. ಆ ಕೊಂಡಿಗೆ ಪ್ರೊಪಿಯೊನೈಲ್-ಕೋಎ ಬೇಕು, ಅದಕ್ಕೆ ಮೀಡಿಯಾಗೆ ಪ್ರೊಪಿಯೊನೇಟ್ ಹಾಕ್ಬೇಕು, ಜಾಸ್ತಿ ಆದ್ರೆ ಕೋಶಕ್ಕೆ ವಿಷ. ಅದೂ ಅಲ್ಲದೆ ಫಾ-ಎಗೆ ಪ್ರೊಪಿಯೊನೈಲ್-ಕೋಎ ಅಷ್ಟಾಗಿ ಒಗ್ಗಲ್ಲ, ನೆಕೇಟರಲ್ಲೇ ಇರೋ ಬಿಕೆಟಿಬಿ ಅನ್ನೋ, ಫಾ-ಎ ಥರಾನೇ ಜೋಡಿಸೋ ಇನ್ನೊಂದು ಎಂಜೈಮ್ ಈ ಕೆಲಸಕ್ಕೆ ಸರಿ. ಅದನ್ನ ಸೇರಿಸಿ, ಪ್ರೊಪಿಯೊನೇಟನ್ನ ಗ್ಲೂಕೋಸ್ ಫೀಡ್ ಜೊತೆ ಸಣ್ಣಗೆ ಬಿಟ್ಟಾಗ ಜಿಸಿಯಲ್ಲಿ ಹೊಸ ಪೀಕ್ ಎದ್ದಿತು, ಆ ಫಿಲಂ ವಾರಗಳು ಕಳೆದ್ರೂ ಬಗ್ಗಿಸಿದ್ರೆ ಬಗ್ಗುತ್ತೆ, ಮುರಿಯಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ತುಂಬಾ ಹೆಮ್ಮೆ ಇರೋದು ಆ ಫಿಲಂ ಬಗ್ಗೆ.

ಇದೇ ತಳಿಯಿಂದ ಬೇರೆ ಪದಾರ್ಥವೂ ಮಾಡಿಸಬಹುದು ಅನ್ನೋದು ದಾರೀಲಿ ಸಿಕ್ಕ ಲಾಭ. ಚೈನ್ ಪೋಣಿಸೋ ಫಾ-ಸಿ ತೆಗೆದುಬಿಡಿ, ಬದಲಿಗೆ ಇ. ಕೋಲಿಯದೇ ಟೆಸ್-ಬಿ ಅನ್ನೋ ಥಯೋಎಸ್ಟರೇಸ್ ಜಾಸ್ತಿ ಮಾಡಿ. ಅದು ಕೋಎಯನ್ನ ಕತ್ತರಿಸಿ 3-ಹೈಡ್ರಾಕ್ಸಿಬ್ಯುಟಿರೇಟನ್ನ ಬಿಡಿ ಬಿಡಿಯಾಗಿ ಕೊಡುತ್ತೆ, ಕೋಶ ಅದನ್ನ ಹೊರಗೆ ಬಿಡುತ್ತೆ. ಉಪವಾಸ ಇದ್ದಾಗ ನಮ್ಮ ಲಿವರ್ ಮಾಡೋ ಕೀಟೋನ್ ಇದೇ. ಎಂಜೈಮ್ ಮಾಡಿರೋದ್ರಿಂದ ಎಡಗೈ-ಬಲಗೈ ಥರ ಇರೋ ಎರಡು ರೂಪಗಳಲ್ಲಿ ಎಲ್ಲಾ ಅಣುಗಳೂ ಒಂದೇ ರೂಪದವು, ಔಷಧ ತಯಾರಿಸೋರಿಗೆ ಅದು ಬಹಳ ಬೇಕಾದ ಗುಣ. ಕೋಶ ಒಡೆಯೋ ಹಾಗಿಲ್ಲ, ಕ್ಲೋರೋಫಾರಂ ಇಲ್ಲ, ಮೀಡಿಯಾದಿಂದಲೇ ಎತ್ಕೋಬಹುದು. ಅಸಿಟೇಟ್ ತಡೆಯೋಕೆ ನಮ್ಮ ತಳಿ ತಿದ್ದಿದ್ದೆಲ್ಲಾ ಇಲ್ಲೂ ಹಂಗಂಗೇ ಕೆಲಸಕ್ಕೆ ಬಂತು, ಯಾಕಂದ್ರೆ ಎರಡಕ್ಕೂ ಮೂಲ ಅದೇ ಅಸಿಟೈಲ್-ಕೋಎ.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟ ಉದಾಹರಣೆ ಡ್ಯುಪಾಂಟ್ ಮತ್ತು ಜೆನೆನ್‌ಕೋರ್ ಕಂಪನಿಗಳು ಇ. ಕೋಲಿ ಕೈಲೇ ಮಾಡಿಸಿದ 1,3-ಪ್ರೊಪೇನ್‌ಡಯಾಲ್ ಅನ್ನೋ ರಾಸಾಯನಿಕ. ಗ್ಲೂಕೋಸಿಂದ ಗ್ಲಿಸರಾಲ್ ಮಾಡೋ ಜೀನ್ ಯೀಸ್ಟಿಂದ, ಮುಂದಿನ ಹೆಜ್ಜೆಗೆ ಕ್ಲೆಬ್ಸಿಯೆಲ್ಲಾದಿಂದ, ಕೊನೇ ಹೆಜ್ಜೆಗೆ ಮಾತ್ರ ಹೊರಗಿಂದ ತಂದ ಎಂಜೈಮಿಗಿಂತ ಇ. ಕೋಲಿಯಲ್ಲೇ ಇದ್ದ ವೈಕ್ಯೂಎಚ್‌ಡಿ ಚೆನ್ನಾಗಿ ಕೆಲಸ ಮಾಡ್ತು. ಲೀಟರಿಗೆ 135 ಗ್ರಾಂ ತಲುಪಿದ್ರು, 2006ರಲ್ಲಿ ಅಮೆರಿಕದ ಟೆನೆಸ್ಸೀಲಿ ಕಾರ್ಖಾನೆ ಶುರುವಾಯ್ತು. ಕಾರ್ಬನ್ ಲೆಕ್ಕ ಹಿಡಿದು ಕೊನೇವರೆಗೂ ಹೋದ್ರೆ ಎಲ್ಲಿಗೆ ಮುಟ್ಟಬಹುದು ಅಂತ ಅವರ ಪೇಪರ್ ನೋಡಿದ್ರೆ ಗೊತ್ತಾಗುತ್ತೆ.

ಸದ್ಯ ನಾನು ಗ್ಲೂಕೋಸ್ ಬಿಟ್ಟು ಗ್ಲಿಸರಾಲ್ ಮೇಲೆ ಕೆಲಸ ಮಾಡ್ತಿದ್ದೀನಿ. ಬಯೋಡೀಸೆಲ್ ಮಾಡೋವಾಗ ಅದರ ಹತ್ತನೇ ಒಂದರಷ್ಟು ತೂಕದ ಗ್ಲಿಸರಾಲ್ ಉಪ ಉತ್ಪನ್ನವಾಗಿ ಉಳಿಯುತ್ತೆ, ಕಾರ್ಬನ್ ಲೆಕ್ಕದಲ್ಲಿ ನೋಡಿದ್ರೆ ಗ್ಲೂಕೋಸಿಗಿಂತ ಅದರಲ್ಲಿ ಎಲೆಕ್ಟ್ರಾನೂ ಜಾಸ್ತಿ, ನಿಧಾನವಾಗಿ ಒಳಗೆ ಹೋಗೋದ್ರಿಂದ ಅಸಿಟೇಟ್ ಕಾಟವೂ ಕಮ್ಮಿ. ತೊಂದರೆ ಒಂದಿದೆ, ಗ್ಲಿಸರಾಲ್ ಅಣುವೇ ಬೆಳೀತಿರೋ ಚೈನಿನ ತುದಿಗೆ ಅಂಟ್ಕೊಂಡು ಅಲ್ಲಿಗೇ ನಿಲ್ಲಿಸಿಬಿಡುತ್ತೆ, ಹಾಗಾಗಿ ಚೈನ್ ಗಿಡ್ಡ ಆಗುತ್ತೆ, ಫಿಲಂ ಬಲ ಕಳ್ಕೊಳ್ಳುತ್ತೆ. ಫೀಡ್ ತುಂಬಾ ನಿಧಾನ ಮಾಡಿ ಟ್ಯಾಂಕಲ್ಲಿ ಗ್ಲಿಸರಾಲ್ ಸದಾ ಕಮ್ಮಿ ಇರೋ ಹಾಗೆ ಇಟ್ರೆ ಚೈನ್ ಎಷ್ಟು ಉದ್ದ ಉಳಿಯುತ್ತೆ ಅಂತ ನೋಡೋದು ಈಗಿನ ಪ್ರಯೋಗ. ಬೇರೆ ಬೇರೆ ಫೀಡ್ ವೇಗದ ಸ್ಯಾಂಪಲ್‌ಗಳನ್ನ ಮಾಲಿಕ್ಯುಲರ್ ವೇಟ್ ಅಳೆಯೋಕೆ ಕಳಿಸಿದ್ದೀನಿ, ಅದರ ರಿಸಲ್ಟ್ ಬಂದ ಮೇಲೆ ಮುಂದಿನ ರನ್‌ಗೆ ಪಂಪ್ ಸೆಟ್ ಮಾಡ್ಬೇಕು.